ಕುಳಗೇರಿ ಕ್ರಾಸಿನಲ್ಲಿ ಕಾಯುವ ಕಾರು

ಅಂದಾನಪ್ಪನ ಹಳೆಯ ಬಿಳಿ ಕಾರಿಗೆ ವಿಚಿತ್ರ ರೋಗವೊಂದು ಅಂಟಿತ್ತು. ಅದು ಬೇರೆಲ್ಲೂ ಕಾಯುತ್ತಿರಲಿಲ್ಲ, ಕುಳಗೇರಿ ಕ್ರಾಸಿಗೆ ಬಂದಾಗ ಮಾತ್ರ ಕಾಯುತ್ತಿತ್ತು.

ಗಂಡ ಹೆಂಡತಿ ಬಾಗಲಕೋಟೆಯ ನವನಗರದವರು. ಅಂದಾನಪ್ಪ ನೀರಾವರಿ ಇಲಾಖೆಯಿಂದ ನಿವೃತ್ತನಾಗಿದ್ದ. ಹೆಂಡತಿ ನಾಗರತ್ನಾ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾಗಿದ್ದಳು. ಮಗಳನ್ನು ನರಗುಂದಕ್ಕೆ ಕೊಟ್ಟಿದ್ದರಿಂದ ಆಗಾಗ ಆ ದಾರಿ ಹಿಡಿಯುವುದಿತ್ತು. ಕೆರೂರಿನ ಗದ್ದಲದಲ್ಲಿ ಕಾರು ತೆವಳುವಾಗಲೇ ಟೆಂಪರೇಚರಿನ ಮುಳ್ಳು ಮೇಲೇರಲು ಶುರುಮಾಡುತ್ತಿತ್ತು. ಮುಂದೆ ಯಾವುದಾದರೂ ಕಬ್ಬಿನ ಟ್ರ್ಯಾಕ್ಟರ್ ಸಿಕ್ಕರೆ ಅಂದಾನಪ್ಪ ಅದನ್ನು ಹಿಂದಿಕ್ಕುವ ಗೋಜಿಗೇ ಹೋಗುತ್ತಿರಲಿಲ್ಲ. ಅದರ ಬಾಲ ಹಿಡಿದು ಕ್ರಾಸ್ ಮುಟ್ಟುವಷ್ಟರಲ್ಲಿ ಮುಳ್ಳು ಕೆಂಪು ಗೆರೆಯ ಹತ್ತಿರ ಬಂದಿರುತ್ತಿತ್ತು.

"ರತ್ನಾ, ಕಾದತ ನೋಡು. ಇನ್ನ ಮುಂದ ಹೋದ್ರ ಎಂಜಿನ್ ಸೀಜ್ ಆಗತೈತಿ. ನೀ ಇಲ್ಲೇ ಗಿಡದ ನೆಳ್ಳಾಗ ಕುಂದ್ರು, ನಾ ನೀರ ತರ್ತೇನಿ."

ಬಾನೆಟ್ ಎತ್ತಿಟ್ಟು, ಕ್ಯಾನು ಹಿಡಿದು ಅಂಗಡಿಗಳ ಸಾಲಿನ ಹಿಂದೆ ಮಾಯವಾದನೆಂದರೆ ಎಂಜಿನ್ ಪೂರ್ತಿ ತಣ್ಣಗಾದ ಮೇಲೆಯೇ ಬರುತ್ತಿದ್ದ. ಬರುವಾಗ ಕರ್ಚೀಫಿನಿಂದ ಮೀಸೆ ಒರೆಸಿಕೊಳ್ಳುತ್ತಿದ್ದ.

ಗ್ಯಾರೇಜಿನ ಯಮನೂರನಿಗೆ ಈ ಕಾರಿನಿಂದ ತಲೆ ಕೆಟ್ಟುಹೋಗಿತ್ತು. "ಸರ, ರೇಡಿಯೇಟರ್ ತೊಳದೇನಿ, ಥರ್ಮೋಸ್ಟಾಟ್ ಹೊಸಾದು ಹಾಕೇನಿ. ನೀರ ಎಲ್ಲೂ ಸೋರಂಗಿಲ್ಲ, ಫ್ಯಾನ್ ತಿರಗತೈತಿ. ನನ್ನ ಕಡೆ ಎಷ್ಟೊತ್ತು ಚಾಲೂ ಇಟ್ರೂ ಕಾಯವಲ್ದು. ಇನ್ನೇನ ಮಾಡ್ಲಿರಿ?"

"ಹಳೇ ಗಾಡಿ, ಬಿಡೋ ಯಮನೂರ. ನಿನ್ನ ತಪ್ಪೇನೈತಿ?" ಎಂದು ಅಂದಾನಪ್ಪ ದೊಡ್ಡ ಮನಸ್ಸು ಮಾಡಿದ್ದ.

ನಾಗರತ್ನಾಗೆ ಸಂಶಯ ಹುಟ್ಟಿದ್ದು ಇಳಕಲ್ಲಿನಲ್ಲಿ. ಮದುವೆಯೊಂದಕ್ಕೆ ಸೀರೆ ತರಲು ತಮ್ಮ ಶಿವಪ್ರಕಾಶನನ್ನು ಕರೆದುಕೊಂಡು ಇದೇ ಕಾರಿನಲ್ಲಿ ಹೋಗಿದ್ದಳು. ಅಂದಾನಪ್ಪನಿಗೆ ಅಂದು ಏನೋ ಕೆಲಸವಿತ್ತು. ಬಸ್ ಸ್ಟ್ಯಾಂಡಿನ ಎದುರು ಕಲ್ಲಿನ ಲಾರಿಯೊಂದು ಅಡ್ಡ ನಿಂತು ಕಾರು ಅಲುಗಾಡದಂತಾಯಿತು. ಮುಳ್ಳು ಏರತೊಡಗಿದಾಗ ಅವಳು ಹಿಂದಿದ್ದ ನೀರಿನ ಕ್ಯಾನಿಗೆ ಕೈ ಚಾಚಿದಳು. ಅಷ್ಟರಲ್ಲಿ ಮುಂದಿನಿಂದ ಗುರ್ರೆಂದು ಸದ್ದು ಬಂತು. ಮುಳ್ಳು ತಣ್ಣಗೆ ಕೆಳಗಿಳಿಯಿತು.

"ಅದೇನೋ ಸದ್ದು?"

"ಫ್ಯಾನ್ ಅಕ್ಕಾ. ಎಂಜಿನ್ ಕಾದ್ರ ತಾನ ತಿರಗತೈತಿ."

ನಾಗರತ್ನಾ ಮುಳ್ಳನ್ನೇ ನೋಡಿದಳು. ಕುಳಗೇರಿ ಕ್ರಾಸಿನಲ್ಲಿ ಈ ಸದ್ದನ್ನು ಅವಳು ಒಮ್ಮೆಯೂ ಕೇಳಿರಲಿಲ್ಲ.

ಮುಂದಿನ ಸಲ ಅಂದಾನಪ್ಪ ಕ್ಯಾನು ಹಿಡಿದು ಹೋದದ್ದೇ ತಡ, ಅವಳು ಬಾನೆಟ್ಟಿನೊಳಗೆ ಬಗ್ಗಿದಳು. ಫ್ಯಾನಿಗೆ ಹೋಗುವ ವೈರು ಸಾಕೆಟ್ಟಿನಿಂದ ಕಳಚಿ ಜೋತಾಡುತ್ತಿತ್ತು. ಕಳಚಿದ್ದೂ ಎಷ್ಟು ಜೋಪಾನವಾಗಿ ಎಂದರೆ, ಯಾವುದಕ್ಕೂ ತಾಗಬಾರದೆಂದು ಬದಿಗೆ ಮಡಿಚಿ ಸಿಗಿಸಿತ್ತು. ಆಮೇಲೆ ಅಂಗಡಿಗಳ ಮೂಲೆಯವರೆಗೆ ಹೋಗಿ ಇಣುಕಿದಳು. ಮಿರ್ಚಿ ಭಜಿ ಕರಿಯುವ ಕಾಸಿಂಬಿಯ ಗಾಡಿಯ ಮರೆಯಲ್ಲಿ ಅವಳ ಗಂಡ ನಿಂತಿದ್ದ. ಎಣ್ಣೆ ಪದಾರ್ಥದ ವಾಸನೆಯನ್ನೂ ನೋಡಬೇಡ ಎಂದು ಡಾಕ್ಟರು ಹೇಳಿದ್ದ ಮನುಷ್ಯ ಕಣ್ಣು ಮುಚ್ಚಿಕೊಂಡು ಮಿರ್ಚಿ ಕಚ್ಚುತ್ತಿದ್ದ.

ಕೂಗಾಡಬಹುದಿತ್ತು. ಅದರಲ್ಲಿ ಏನು ಮಜಾ? ಬಂದು ಮೊದಲಿನಂತೆ ಗಿಡದ ಕೆಳಗೆ ಕುಳಿತಳು.

ಅಲ್ಲಿಂದ ಮುಂದೆ ಊರಿಗೆ ಹೊರಡುವ ದಿನ ಅಂದಾನಪ್ಪ ಬೂಟು ಹಾಕಿಕೊಳ್ಳುವಷ್ಟರಲ್ಲಿ ಅವಳು ಹೋಗಿ ವೈರು ಸಿಗಿಸಿ ಬರುತ್ತಿದ್ದಳು, ಮರಳಿದ ಮೇಲೆ ಅವನಿಗೆ ಗೊತ್ತಾಗದಂತೆ ಮತ್ತೆ ಕಳಚಿಡುತ್ತಿದ್ದಳು. ಪಾಪ, ಅವನು ಟ್ರ್ಯಾಕ್ಟರಿನ ಹಿಂದೆ ನಿಧಾನ ಹೋದ, ಎರಡನೇ ಗೇರಿನಲ್ಲಿ ಒದರಿಸಿದ. ಮುಳ್ಳು ನಡುಮಧ್ಯ ಬಿಟ್ಟು ಕದಲಲಿಲ್ಲ.

"ಗೇರ್ ಬದಲಿ ಮಾಡ್ರಿ. ಗಾಡಿ ಅಳಾಕ್ಹತ್ತೈತಿ," ಎಂದಳು ನಾಗರತ್ನಾ.

ಕ್ರಾಸ್ ಬಂತು, ಹೋಯಿತು. ಅಂಗಡಿಗಳ ಸಂದಿಯಲ್ಲಿ ಕಾಸಿಂಬಿ ಬಾಣಲೆಯ ಮುಂದಿನಿಂದ ಕೈ ಎತ್ತಿದ್ದು ಕನ್ನಡಿಯಲ್ಲಿ ಕಂಡು ಅವನು ಉಸಿರು ಬಿಟ್ಟ.

"ಯಮನೂರ ಕಡೀಗೂ ರಿಪೇರಿ ಮಾಡಿದಾ ಅನಸ್ತೈತಿ," ಎಂದ.

"ಹೌದ್ರಿ, ಶಾಣ್ಯಾ ಅದಾನ," ಎಂದಳು.

ಹೀಗೆ ಕೆಲವು ಸಲ ನಡೆಯಿತು. ಒಂದು ಮಧ್ಯಾಹ್ನ ಕ್ರಾಸ್ ದಾಟಿ ಬಯಲಿಗೆ ಬಿದ್ದ ಮೇಲೆ ಅಂದಾನಪ್ಪನ ಮುಖ ಬದಲಾಯಿತು.

"ರತ್ನಾ, ಗಾಡಿ ಕಾದೈತಿ."

"ನಡೀರಿ, ನಡೀರಿ."

"ಖರೇನ ಕಾದೈತಿ, ಮುಳ್ಳ ನೋಡು!"

"ಮಿರ್ಚಿ ಗಾಡಿ ಹಿಂದ ಹೋತು. ಇನ್ನ ಕಾದು ಏನ ಮಾಡೂದೈತಿ? ಫ್ಯಾನಿನ ವೈರ್ ನಾನ ಸಿಗಿಸೇನಿ."

ಅಂದಾನಪ್ಪ ಬಾಯಿ ತೆರೆದ. ಅಷ್ಟರಲ್ಲಿ ಬಾನೆಟ್ಟಿನ ಸಂದಿಯಿಂದ ಫಸ್ಸೆಂದು ಹಬೆ ಎದ್ದು ಮುಂದಿನ ಗಾಜು ಬೆಳ್ಳಗಾಯಿತು.

ಕಾರನ್ನು ಬದಿಗೆ ನಿಲ್ಲಿಸಿ ಇಳಿದವನೇ ಅವನು ಕರ್ಚೀಫು ಸುತ್ತಿದ ಕೈಯನ್ನು ರೇಡಿಯೇಟರಿನ ಮುಚ್ಚಳಕ್ಕೆ ಹಾಕಹೋದ.

"ಮುಟ್ಟಬ್ಯಾಡ್ರಿ! ಕುದಿಯೂ ನೀರ ಮಾರಿಗೆ ಹಾರತೈತಿ!"

ಇಬ್ಬರೂ ಜಾಲಿ ಗಿಡದ ಚೂರು ನೆರಳಿನಲ್ಲಿ ಕುಳಿತರು. ಸುತ್ತ ಒಂದು ನರಪಿಳ್ಳೆಯೂ ಇರಲಿಲ್ಲ. ಅಂದಾನಪ್ಪ ತಾನಾಗಿಯೇ ಬಾಯಿಬಿಟ್ಟ. ಮೊದಲ ಸಲ ಆ ವೈರು ತಗ್ಗಿನಲ್ಲಿ ಕುಲುಕಿ ತಾನೇ ಕಳಚಿತ್ತಂತೆ. ಅಂದು ಎಂಜಿನ್ ಆರುವವರೆಗೆ ತಿಂದ ಮಿರ್ಚಿಯ ರುಚಿಯನ್ನು ಮರೆಯಲಾಗದೆ, ಮುಂದಿನ ಸಲಗಳಲ್ಲೆಲ್ಲ ವೈರನ್ನು ತಾನೇ ಕಳಚಿದ್ದನಂತೆ. ಮನೆಗೆ ಮರಳಿದ ಮೇಲೆ ಮತ್ತೆ ಸಿಗಿಸಿ, ಆಮೇಲೆ ಗ್ಯಾರೇಜಿಗೆ ಒಯ್ಯುತ್ತಿದ್ದನಂತೆ.

"ಮಿರ್ಚಿ ತಿಂದದ್ದಕ್ಕ ನನಗ ಅಷ್ಟ ಸಿಟ್ಟಿಲ್ಲ," ಎಂದಳು ನಾಗರತ್ನಾ. "ಬಿಸಲಾಗ ನನ್ನ ಒಬ್ಬಾಕಿನ್ನ ಕುಂದರಿಸಿ ಹೋಗ್ತಿದ್ರೆಲ್ಲ, ಅದಕ್ಕ ಸಿಟ್ಟು."

ಅವನು ತಲೆ ತಗ್ಗಿಸಿದ. ಮೆಲ್ಲಗೆ, "ನಾಕನೇದ್ದು ತಿನ್ನೂ ಮುಂದ ನಿನ್ನ ನೆನಪ ಆಗ್ತಿತ್ತು," ಎಂದ.

"ಮೊದಲ ಮೂರು ತಿನ್ನೂ ಮುಂದ?"

ಅವನು ಕರ್ಚೀಫಿನಿಂದ ಮೀಸೆ ಒರೆಸಿಕೊಂಡ. ಅವಳಿಗೆ ನಗು ತಡೆಯಲಾಗಲಿಲ್ಲ. ಅವಳು ನಕ್ಕದ್ದು ನೋಡಿ ಅವನೂ ನಕ್ಕ.

ಎಂಜಿನ್ ಆರಿದ ಮೇಲೆ ನೋಡಿದರೆ ಮೇಲಿನ ರಬ್ಬರ್ ಹೋಸ್ ಪೈಪು ತುದಿಯಲ್ಲಿ ಸೀಳಿತ್ತು. ಮೊದಲೇ ಹಳೆಯದು. ಮೇಲಿಂದ ಮೇಲೆ ಕಾಸಿ ಕಾಸಿ ಅದನ್ನು ಕಟ್ಟಿಗೆಯಂತೆ ಗಡುಸು ಮಾಡಿಟ್ಟವನು ಅಂದಾನಪ್ಪನೇ. ಮಗಳಿಗೆ ಒಯ್ಯುತ್ತಿದ್ದ ಪೇರಲ ಹಣ್ಣಿನ ಚೀಲದಲ್ಲಿ ಚಾಕುವಿತ್ತು. ಅವನು ಸ್ಕ್ರೂಡ್ರೈವರಿನಿಂದ ಕ್ಲಿಪ್ಪು ಸಡಿಲಿಸಿದ, ಅವಳು ಸೀಳಿದ ತುದಿಯನ್ನು ಕತ್ತರಿಸಿ ತೆಗೆದಳು. ಉಳಿದ ಪೈಪು ಹೇಗೋ ಎಟುಕಿತು. ಇಬ್ಬರೂ ಸೇರಿ ಒತ್ತಿ ಸಿಗಿಸಿ ಕ್ಲಿಪ್ಪು ಬಿಗಿದರು. ಪಕ್ಕದ ಹೊಲದ ಪೈಪಿನಿಂದ ನೀರು ತಂದು ತುಂಬಿ ಚಾಲೂ ಮಾಡಿದರೆ ಹನಿ ಸೋರಲಿಲ್ಲ. ಕೈಗೆಲ್ಲ ಮಸಿ ಬಳಿದುಕೊಂಡು ನರಗುಂದ ಮುಟ್ಟಿದ ಅಪ್ಪ ಅಮ್ಮನನ್ನು ನೋಡಿ ಮಗಳು ಗಾಬರಿಯಾದಳು.

ಮರಳಿ ಬರುವಾಗ ಕ್ರಾಸಿನಲ್ಲಿ ಕಾರು ನಿಲ್ಲಿಸಲು ಹೇಳಿದ್ದು ನಾಗರತ್ನಾ. ನೇರವಾಗಿ ಕಾಸಿಂಬಿಯ ಮುಂದೆ ಹೋಗಿ ನಿಂತಳು. ಹಿಂದೆ ಅಂದಾನಪ್ಪ.

"ಬರ್ರಿ ಸಾಹೇಬ್ರ! ಭಾಳ ದಿನಾ ಆತಲ್ರಿ?" ಎಂದಳು ಕಾಸಿಂಬಿ. ನಾಗರತ್ನಾಳನ್ನು ಕಂಡು ದನಿ ತಗ್ಗಿಸಿದಳು. "ಅಕ್ಕಾರ, ಈಗ ಆರಾಮ ಅದೀರೇನ್ರಿ? ನಿಮಗ ಎಣ್ಣಿದು ತಿನ್ನಬಾರ್ದು ಅಂತ ಡಾಕ್ಟರ್ ಹೇಳ್ಯಾರಂತ. ನಿಮ್ಮ ಮುಂದ ತಿಂದ್ರ ನಿಮ್ಮ ಮನಸಿಗೆ ನೋವಾಗತೈತಿ ಅಂತ ಸಾಹೇಬ್ರು ಇಲ್ಲೇ ಮರಿಗೆ ನಿಂತು ತಿಂತಿದ್ರು. ಇಂಥಾ ಗಂಡ ಯಾರಿಗೆ ಸಿಗ್ತಾನ್ರಿ!"

ನಾಗರತ್ನಾ ಗಂಡನ ಕಡೆ ತಿರುಗಿದಳು. ಅವನು ಬಾದಾಮಿ ಕಡೆ ಹೊರಟ ಬಸ್ಸಿನ ಬೋರ್ಡನ್ನು ಭಕ್ತಿಯಿಂದ ಓದುತ್ತಿದ್ದ.

"ಆರಾಮ ಆಗೇನಿ ಬಿಡವಾ," ಎಂದಳು ಕಾಸಿಂಬಿಗೆ. "ಆದ್ರ ಆ ಬ್ಯಾನಿ ಈಗ ಇವರಿಗೆ ಹತ್ತೈತಿ. ನನಗೊಂದು ಪ್ಲೇಟ್ ಕೊಡು."

ಬೆಂಚಿನ ಮೇಲೆ ಕುಳಿತು ನಿಧಾನವಾಗಿ ತಿಂದಳು. ಗಂಡನಿಗೆ ಅರ್ಧ ಮಿರ್ಚಿ ಮುರಿದು ಕೊಟ್ಟಳು. ಮರುದಿನ ಯಮನೂರನಲ್ಲಿ ಹೊಸ ಪೈಪು ಹಾಕಿಸಿದರು. ಈಗಲೂ ನರಗುಂದಕ್ಕೆ ಹೋಗುವಾಗ ಕ್ರಾಸಿನಲ್ಲಿ ನಿಲ್ಲುತ್ತಾರೆ, ಇಬ್ಬರೂ ಜೊತೆಗೇ ಕೂಡುತ್ತಾರೆ, ಅಂದಾನಪ್ಪನ ಪಾಲು ಅರ್ಧವೇ. ಹಿಟ್ಟು ಬದಲಾಗಿದೆಯೋ, ಎಣ್ಣೆ ಬದಲಾಗಿದೆಯೋ, ಮೊದಲಿನ ರುಚಿ ಇಲ್ಲ ಎಂದು ಅವನು ಕಾಸಿಂಬಿಯ ಹತ್ತಿರ ದೂರುತ್ತಲೇ ಇರುತ್ತಾನೆ.