ಅಳಿಯಂದಿರ ಅಳತೆ

ಹಡಗು ಕಟ್ಟುವ ಅಂಗಳದ ನಕ್ಷೆ ಕಚೇರಿಯಲ್ಲಿ ಅಳಿಯಂದಿರೊಬ್ಬರಿದ್ದರು. ಉಣ್ಣುತ್ತಿರಲಿಲ್ಲ, ಎದುರಾಡುತ್ತಿರಲಿಲ್ಲ, ಕೂರಿಸಿದಲ್ಲಿ ಕೂರುತ್ತಿದ್ದರು, ಬಗ್ಗಿಸಿದಷ್ಟು ಬಗ್ಗುತ್ತಿದ್ದರು. ಇರುವುದು ಮಾತ್ರ ಕಂಪ್ಯೂಟರಿನೊಳಗೆ. ಹಡಗಿನ ನಕ್ಷೆ ಬರೆದಾದ ಮೇಲೆ, ಮನುಷ್ಯನ ಕೈ ಚಕ್ರಕ್ಕೆ ಎಟಕುತ್ತದೆಯೇ, ತಲೆ ಪೈಪಿಗೆ ಬಡಿಯುತ್ತದೆಯೇ ಎಂದು ನೋಡಲು ಆ ಬೂದು ಬಣ್ಣದ ಗೊಂಬೆಯನ್ನು ಒಳಗೆ ಓಡಾಡಿಸುತ್ತಿದ್ದರು. ಅದಕ್ಕೆ ಅಳಿಯಂದಿರು ಎಂದು ಹೆಸರಿಟ್ಟವಳು ಅಕ್ಕ. ಹೆಸರು ಕೇಳಿ ಮನೆಮಂದಿಯೆಲ್ಲ ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದರು. ಆ ಮನೆಯ ನಿಜವಾದ ಅಳಿಯ, ಅಂದರೆ ಅಕ್ಕನ ಗಂಡ, ಈ ಕಚೇರಿಯಲ್ಲಿ ಕೂತು ಗೊಂಬೆಯನ್ನು ಆಡಿಸುವ ಭಾವ, ಸ್ವಲ್ಪ ಕಡಿಮೆ ನಕ್ಕಿದ್ದ.

ಕಚೇರಿಯ ಕೆಳಗೆ, ಮೆಟ್ಟಿಲಡಿಯ ಕೋಣೆಯಲ್ಲಿ, ಅಕ್ಕನ ತಂಗಿ ಹೊಲಿಗೆ ಮಷಿನ್ ತುಳಿಯುತ್ತಿದ್ದಳು. ಕೆಲಸಗಾರರ ಅಂಗಿ, ಹಡಗಿನವರ ಲೈಫ್ ಜಾಕೆಟ್, ಹರಿದದ್ದೆಲ್ಲ ಅವಳ ಬಳಿಗೇ ಬರುತ್ತಿತ್ತು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಮಾತು ಕಡಿಮೆ, ಕಣ್ಣು ಮಾತ್ರ ಸೂಜಿ. ಭಾವ ಅವಳನ್ನು ಕರೆಯುವುದೇ ಮೌನಗೌರಿ ಎಂದು. "ಬಟ್ಟೆ ಹೊಲೀತಾ ಹೊಲೀತಾ ಒಂದಿನ ಮರೆತು ತುಟೀನೂ ಹೊಲ್ಕೊಂಡುಬಿಟ್ಟಿದ್ದಾಳೆ" ಎನ್ನುತ್ತಿದ್ದ.

ಆ ದಿನ ಭಾವ ಮನೆಯಲ್ಲಿ ಮರೆತ ಊಟದ ಡಬ್ಬಿ ಕೊಡಲು ಅವಳು ಮೇಲೆ ಹತ್ತಿದಳು. ಭಾವನ ಮುಖ ಅರಳಿತ್ತು, ಡಬ್ಬಿಗಾಗಿ ಅಲ್ಲ.

"ಬಾ ಮೌನಗೌರಿ, ಬಾ. ಅಳಿಯಂದಿರು ಪರೀಕ್ಷೆ ಪಾಸು! ನೋಡಿಲ್ಲಿ."

ಪರದೆಯ ಮೇಲೆ ಎಂಜಿನ್ ಕೋಣೆ. ಗೋಡೆಗೆ ಕಬ್ಬಿಣದ ಏಣಿ, ಅದರ ತುದಿಗೆ ಒಂದು ದುಂಡನೆಯ ಬಾಯಿ. ಬೆಂಕಿ ಬಿದ್ದು ಬಾಗಿಲ ದಾರಿ ಮುಚ್ಚಿದರೆ ಒಳಗಿದ್ದವರಿಗೆ ಅದೊಂದೇ ಗತಿ. ಭಾವ ಗುಂಡಿ ಒತ್ತಿದ. ಬೂದು ಗೊಂಬೆ ಏಣಿ ಹತ್ತಿತು, ಕೈ ಮೇಲೆತ್ತಿತು, ಬೆಣ್ಣೆಯಿಂದ ಕೂದಲು ತೆಗೆದಂತೆ ಹೊರಗೆ ಬಂತು.

"ಬಾಯಿ ಬರೀ ಇಪ್ಪತ್ತಿಂಚು. ಇನ್ನೂ ದೊಡ್ಡದು ಮಾಡಿದ್ರೆ ಮೇಲೆ ಪ್ರಯಾಣಿಕರ ಎರಡು ಬೆಂಚು ಹೋಗ್ತಿತ್ತು. ಮೂರು ಗಂಟೆಗೆ ನಮ್ಮ ಚೀಫ್ ಮೇಡಂ ನಕ್ಷೆಗೆ ಸಹಿ ಹಾಕ್ತಾರೆ, ಸಂಜೆಯೊಳಗೆ ಉಕ್ಕು ಕತ್ತರಿಸೋಕೆ ಶುರು. ಆಮೇಲೆ ಬ್ರಹ್ಮ ಬಂದ್ರೂ ಬದಲಾಗಲ್ಲ."

ಅವಳು ಗೊಂಬೆಯನ್ನೇ ನೋಡಿದಳು. ಅವಳ ಮುಖ ಕಿವಿಯವರೆಗೂ ಕೆಂಪೇರಿತು.

"ಏನೇ, ಏನಾಯ್ತು?"

"ಏನಿಲ್ಲ ಭಾವ" ಎಂದು ದಡದಡ ಇಳಿದು ಹೋದಳು.

ಕೆಳಗೆ, ಮಷಿನ್ನಿನ ಪಕ್ಕ ಹಳೆಯ ಹಡಗೊಂದರ ಹದಿನಾಲ್ಕು ಜಾಕೆಟ್ ಬಿದ್ದಿದ್ದವು. ಹನ್ನೊಂದು ಒಂದೇ ಜಾಗದಲ್ಲಿ, ಎದೆಯ ಪಕ್ಕಕ್ಕೆ, ಹರಿದಿದ್ದವು. ಹರಿದಲ್ಲೆಲ್ಲ ಹಸಿರು ಬಣ್ಣದ ಚಕ್ಕೆ. ಆ ಹಡಗಿನಲ್ಲೂ ಅಂಥದೇ ಒಂದು ಬಾಯಿ, ಹಸಿರು ಬಳಿದದ್ದು. ತಿಂಗಳಿಗೊಮ್ಮೆ ಗಂಟೆ ಹೊಡೆದು, ಜಾಕೆಟ್ ತೊಟ್ಟು, ಅದರೊಳಗಿಂದ ಹೊರಬರುವ ಅಭ್ಯಾಸ ನಡೆಯುತ್ತಿತ್ತು. ಅಭ್ಯಾಸದಲ್ಲಾದರೆ ಸಿಕ್ಕಿಕೊಂಡವನನ್ನು ಕೆಳಗಿನವನು ನೂಕುತ್ತಾನೆ, ಎಲ್ಲರೂ ನಗುತ್ತಾರೆ. ಹೊಗೆ ತುಂಬಿದಾಗ ನಗುವವರಾರು?

ಗಡಿಯಾರದಲ್ಲಿ ಎರಡೂವರೆ. ಹೇಳಬೇಕು. ಆದರೆ ಏಳನೇ ಕ್ಲಾಸಿನವಳು ಹೋಗಿ ಎಂಜಿನಿಯರನಿಗೆ ನಿನ್ನ ಲೆಕ್ಕ ತಪ್ಪು ಎನ್ನುವುದು ಹೇಗೆ? ಕೈ ಮಾತ್ರ ಸುಮ್ಮನಿರಲಿಲ್ಲ. ಅಂಗಿಯ ಅಳತೆ ಕತ್ತರಿಸುವ ದಪ್ಪ ರಟ್ಟು ಎಳೆದು, ಟೇಪು ಹಿಡಿದು, ಇಪ್ಪತ್ತಿಂಚಿನ ದುಂಡು ಬರೆದು, ಕರಕರನೆ ನಡುವೆ ತೂತು ಕತ್ತರಿಸಿತು.

ರಟ್ಟು, ಜಾಕೆಟ್ ಎರಡನ್ನೂ ಹೊತ್ತು ಅವಳು ಮತ್ತೆ ಮೇಲೆ ಬಂದಳು.

"ಇದೇನೇ, ನಂಗೆ ಹೊಸ ಅಂಗೀನಾ?"

"ಹಾಕ್ಕೊಳ್ಳಿ ಭಾವ."

ಅಷ್ಟು ಗಟ್ಟಿಯಾಗಿ ಅವಳು ಹೇಳಿದ್ದು ಅದೇ ಮೊದಲು. ಭಾವ ಬೆಚ್ಚಿ ಜಾಕೆಟ್ ಹಾಕಿಕೊಂಡ.

"ಕೈ ಮೇಲೆತ್ತಿ."

ಎತ್ತಿದ. ಅವಳು ಕುರ್ಚಿಯ ಮೇಲೆ ನಿಂತು ರಟ್ಟನ್ನು ಮೇಲಿನಿಂದ ಇಳಿಸಿದಳು. ಕೈ ಹೋಯಿತು, ತಲೆ ಹೋಯಿತು, ಎದೆಯ ಹತ್ತಿರ ಗಕ್ಕನೆ ನಿಂತಿತು.

"ಉಸಿರು ಬಿಟ್ಟು ನೋಡಿ ಭಾವ."

"ಬಿಟ್ಟೇ ಇದೀನಿ ತಾಯಿ! ಇನ್ನು ಬಿಟ್ರೆ ಪ್ರಾಣವೇ!"

ಆಗ ಬಾಗಿಲು ತೆರೆದು ಮೇಡಂ ಬಂದರು. ಕೈ ಮೇಲೆತ್ತಿ, ರಟ್ಟಿನಲ್ಲಿ ಸಿಕ್ಕಿಕೊಂಡು ನಿಂತ ತಮ್ಮ ನಕ್ಷೆಗಾರನನ್ನು ಮೇಲಿಂದ ಕೆಳಗೆ ನೋಡಿದರು.

"ಶರಣಾಗೋಕೆ ಇನ್ನೂ ಹತ್ತು ನಿಮಿಷ ಇತ್ತಲ್ರೀ."

"ನಂಗೂ ಏನೂ ಗೊತ್ತಿಲ್ಲ ಮೇಡಂ. ನಮ್ಮ ನಾದಿನೀನ ಕೇಳಿ."

ಮೇಡಂ ಅವಳತ್ತ ತಿರುಗಿದರು. ಅವಳು ಮೇಡಂ ಮುಖ ನೋಡಲಾಗದೆ ಪರದೆಯತ್ತ ಬೆರಳು ಮಾಡಿದಳು.

"ಅವರು... ಅಳಿಯಂದಿರು... ಬಟ್ಟೇನೇ ಹಾಕ್ಕೊಂಡಿಲ್ಲ."

ಮೂವರೂ ನೋಡಿದರು. ಹೌದು. ನೆತ್ತಿಯಿಂದ ಹಿಮ್ಮಡಿಯವರೆಗೆ ಒಂದು ಎಳೆ ನೂಲಿಲ್ಲ. ಭಾವ ರಟ್ಟು ಹರಿದುಕೊಂಡು ಕಂಪ್ಯೂಟರಿಗೆ ಧಾವಿಸಿದ, ಅಳತೆಯ ಪಟ್ಟಿ ತೆರೆದ. ಎತ್ತರ, ತೂಕ, ತೋಳು, ಮೊಣಕಾಲು ಎಲ್ಲ ತುಂಬಿತ್ತು. ಕಟ್ಟಕಡೆಯ ಸಾಲಿನಲ್ಲಿ 'ಬಟ್ಟೆಯ ದಪ್ಪ' ಎಂಬಲ್ಲಿ ಮಾತ್ರ ಸೊನ್ನೆ.

"ಮೂರು ತಿಂಗಳು ಬೆತ್ತಲೆ ಓಡಾಡಿಸಿದೀರಿ, ಪಾಪ" ಎಂದರು ಮೇಡಂ.

ಒಮ್ಮೆ ಬಾಯಿ ಬಿಟ್ಟಾಗಿತ್ತು. ಹನ್ನೊಂದು ಜಾಕೆಟ್ಟಿನ ಕಥೆಯನ್ನೂ ಅವಳು ಹೇಳಿಬಿಟ್ಟಳು. ಭಾವನ ಮೈಮೇಲಿದ್ದ ಜಾಕೆಟ್ಟಿನ ಹರಿದ ಪಕ್ಕ ತೋರಿಸಿದಳು. ಮೇಡಂ ಹಸಿರು ಚಕ್ಕೆಯನ್ನು ಉಗುರಿನಿಂದ ಕೆರೆದು ನೋಡಿದರು, ಬಳಿಕ ಸಹಿಗೆಂದು ತಂದಿದ್ದ ಪೆನ್ನಿನ ಮುಚ್ಚಳ ಹಾಕಿದರು.

"ಬೆಂಚು ಎರಡು ಹೋದ್ರೆ ಹೋಗಲಿ. ಉಕ್ಕು ನಾಳೆ ಕತ್ತರಿಸೋಣ. ಮೊದಲು ಅಳಿಯಂದಿರ ಮಾನ ಮುಚ್ಚಿ. ಅಳತೆ ಹೇಳೋರು ಇಲ್ಲೇ ಇದಾರೆ, ಕುರ್ಚಿ ಹಾಕಿ."

ಅವಳು ಕುರ್ಚಿಯ ಅಂಚಿಗೆ ಕುಳಿತಳು. ಎದೆಗೆ ಇಷ್ಟು, ಬೆನ್ನಿಗೆ ಇಷ್ಟು, ಪಟ್ಟಿ ಬಿಗಿದಾಗ ಇಷ್ಟು, ಸಡಿಲ ಬಿಟ್ಟಾಗ ಇಷ್ಟು. ಇಂಚು ಹೇಳಲು ನಾಚಿಕೆ ಏಕೆ ಬೇಕು? ಭಾವ ತುಂಬುತ್ತಾ ಹೋದಂತೆ ಗೊಂಬೆ ಉಬ್ಬುತ್ತಾ ಹೋಯಿತು. ಏಣಿ ಹತ್ತಿಸಿದರೆ ಬಾಯಲ್ಲಿ ಸಿಕ್ಕಿ ಮೈಯೆಲ್ಲ ಕೆಂಪಾಯಿತು. ಬಾಯಿಯನ್ನು ಒಂದೊಂದೇ ಇಂಚು ಹಿಗ್ಗಿಸಿದರು. ಇಪ್ಪತ್ತೇಳಕ್ಕೆ ಬಂದಾಗ ಸಲೀಸಾಗಿ ಹೊರಬಂತು. ಮೇಡಂ ತಲೆಯಾಡಿಸಿ ತಮ್ಮ ಕೋಣೆಗೆ ಹೋದರು.

"ಬೆತ್ತಲೆ ವಿಷಯ ನಿಮ್ಮಕ್ಕನಿಗೆ ಹೇಳ್ಬೇಡ ಕಣೇ, ದಮ್ಮಯ್ಯ. ಮೊಮ್ಮಕ್ಕಳ ಕಾಲದವರೆಗೂ ಆಡ್ಕೋತಾಳೆ."

"ಹೇಳಲ್ಲ ಭಾವ."

ಆದರೂ ಅವಳು ಏಳಲಿಲ್ಲ. ಕಣ್ಣು ಇನ್ನೂ ಪರದೆಯಲ್ಲೇ ಇತ್ತು.

"ಮತ್ತೇನು?" ಎಂದ ಭಾವ, ಅನುಮಾನದಿಂದ.

"ಅಲ್ಲ ಭಾವ... ಹೊಗೆಯಲ್ಲಿ ಹತ್ತೋವಾಗ ಅವರ ಎರಡು ಕೈಯೂ ಏಣಿ ಮೇಲೇ ಇದಾವಲ್ಲ. ಟಾರ್ಚ್ ಯಾರು ಹಿಡ್ಕೋತಾರೆ?"

ಭಾವ ಮೆಲ್ಲಗೆ ಬಗ್ಗಿ ಹಣೆಯನ್ನು ಕೀಬೋರ್ಡಿನ ಮೇಲೆ ಇಟ್ಟ. ಯಾವ ಯಾವ ಗುಂಡಿ ಒತ್ತಿತೋ, ಪರದೆಯಲ್ಲಿ ಅಳಿಯಂದಿರು ಏಣಿ ಬಿಟ್ಟು ಇಳಿದು, ಮೊಣಕಾಲು ಮಡಿಸಿ, ನೆಲದ ಮೇಲೆ ಕುಳಿತುಬಿಟ್ಟರು.