ಶೇವಂತೆವ್ವನ ನಾಡಿ

ಇದನ್ನು ಹೇಳುವ ಯೋಗ್ಯತೆ ನನಗಿಲ್ಲ. ನಾನು ಡಾಕ್ಟರನಲ್ಲ, ನಾಲತವಾಡದ ಒಂದು ದವಾಖಾನೆಯಲ್ಲಿ ಹಗಲು ಔಷಧಿ ಕಟ್ಟಿಕೊಡುತ್ತ, ಸಂಜೆ ಶಾಲೆಯಲ್ಲಿ ಓದಿ ಮೆಟ್ರಿಕ್ ಮುಗಿಸಿದವನು. ಕ್ಷಮೆ ಇರಲಿ. ಹೇಳದೆ ಇದ್ದರೆ ಅದೂ ತಪ್ಪಾದೀತೆಂದು ಬರೆಯುತ್ತಿದ್ದೇನೆ.

೧೯೭೪ರ ಶ್ರಾವಣ. ನಮ್ಮ ಓಣಿಯ ಸೋಮನಿಂಗನಿಗೆ ಕುರಿ ಮೇಯಿಸುವಾಗ ಹಾವು ಕಚ್ಚಿತ್ತು. ಮಗ ಬದುಕಿದರೆ ಹದಿನಾರು ದಿನ ಊಟವನ್ನೂ ಉಪ್ಪನ್ನೂ ಮುಟ್ಟದೆ ಬರೀ ನೀರು ಕುಡಿದು ಇರುತ್ತೇನೆಂದು ತಾಯಿ ಶೇವಂತೆವ್ವ ಹರಕೆ ಹೊತ್ತಳು. ಅವನು ಬದುಕಿದ. ಆಕೆ ಅರವತ್ತು ದಾಟಿದ ಕಡ್ಡಿಯಂಥ ಜೀವ. ನಮ್ಮ ಡಾಕ್ಟರು ರಜೆಯ ಮೇಲೆ ಊರಿಗೆ ಹೋಗಿದ್ದರು. ಸೋಮನಿಂಗ ಹೆದರಿ, ದಿನಾ ನಾಡಿ ನೋಡಲು ನನ್ನನ್ನು ಕರೆದ.

ಮೊದಲ ದಿನ ನಿಮಿಷಕ್ಕೆ ಎಂಬತ್ತೆರಡು. ಐದನೆಯ ದಿನ ಎಪ್ಪತ್ತು. ಹತ್ತನೆಯ ದಿನ ಗಡಿಯಾರ ನಿಂತಿದೆಯೇನೋ ಎಂದು ಕಿವಿಗೆ ಹಿಡಿದು ನೋಡಿದೆ.

“ಎಷ್ಟ ಬಂತೋ ಮೈಬೂಬ?”

“ಐವತ್ತೆರಡ, ಅವ್ವಾ. ಮೊದಲ ಎಂಬತ್ತೆರಡ ಇತ್ತು.”

“ಮೂವತ್ತ ದೇವರಿಗೆ ಮುಟ್ಟ್ಯಾವ ತಗೋ. ಉಳದದ್ದು ನನಗ ಸಾಕು.”

ಆಕೆಯ ಕಾಲಿನ ಮೀನಖಂಡ ಸೆಟೆದು ಕಲ್ಲಾಗಿತ್ತು. ಉಪ್ಪಿಲ್ಲದ್ದಕ್ಕೇ ಹೀಗೆ ಎಂದುಕೊಂಡೆ.

“ಅವ್ವಾ, ನಾವು ರೋಜಾ ಬಿಡುವಾಗ ಸಂಜೀಕ ಚಿಟಿಕಿ ಉಪ್ಪ ನಾಲಿಗಿಗೆ ಇಟ್ಕೋತೇವಿ. ನೀನೂ ನೀರಾಗ ಅಷ್ಟ ಹಾಕ್ಕೋ.”

“ನಿಮ್ಮಲ್ಲಿ ನಡೀತೈತಿ. ನಾ ಮಾತ ಕೊಟ್ಟದ್ದು ಬ್ಯಾರೇವ್ರಿಗೆ,” ಎಂದು ನಕ್ಕಳು.

ಮರುದಿನ ಕಾಗದದಲ್ಲಿ ಉಪ್ಪು ಕಟ್ಟಿಕೊಂಡು ಹೋದೆ. ಆಕೆ ಕಣ್ಣು ಮುಚ್ಚಿ ಮಲಗಿದ್ದಳು. ನೀರಿನ ತಂಬಿಗೆ ಕೈಗೆ ಎಟಕುವಷ್ಟು ಹತ್ತಿರವಿತ್ತು. ಆಕೆಗೆ ತಿಳಿಯದ ಹಾಗೆ ಹರಕೆ ಮುರಿಯುವುದು, ಅದೂ ನನ್ನ ಕೈಯಿಂದ, ನನಗೆ ಆಗಲಿಲ್ಲ. ಪೊಟ್ಟಣ ಜೇಬಿನಲ್ಲೇ ವಾಪಸ್ ಬಂತು.

ಹದಿನೇಳನೆಯ ದಿನ ಬೆಳಿಗ್ಗೆ ನಾಡಿ ನಲವತ್ತಾರು. ಹರಕೆ ಮುಗಿದಿತ್ತು.

“ಊಟಕ್ಕ ಕೊಡ್ಲೇನು?” ಎಂದ ಸೋಮನಿಂಗ.

“ಕೊಡು. ಉಂಡರ ನಾಡಿ ಏರತೈತಿ,” ಎಂದೆ.

ಹರಕೆಯ ತಾಟಿನಲ್ಲಿ ಒಂದು ಅಗುಳೂ ಬಿಡಬಾರದೆಂಬುದು ಅವರ ಮನೆಯ ಪದ್ಧತಿ. ಬೆಲ್ಲ, ತುಪ್ಪದ ಗೋದಿ ಹುಗ್ಗಿ ತಾಟು ತುಂಬ ಬಡಿಸಿದ್ದರು. ಆಕೆ ಸಾವಕಾಶವಾಗಿ ಅಷ್ಟನ್ನೂ ಉಂಡಳು. ರಾತ್ರಿಯೂ ಅದನ್ನೇ ಉಂಡಳಂತೆ.

ಮರುದಿನ ಮಧ್ಯಾಹ್ನ ನಾಡಿ ನೂರಾ ಇಪ್ಪತ್ತಾರು. ಮೂರು ಬಡಿತ, ಒಂದು ಬಿಡುವು. ಮತ್ತೆ ಎರಡು, ಮತ್ತೆ ಬಿಡುವು. ಪಾದ ಬಾತಿತ್ತು.

“ದೇವರು ಎಲ್ಲಾ ತಿರುಗಿ ಕೊಟ್ಟಾನ ನೋಡು,” ಎಂದಳು. ಶಕ್ತಿ ಮರಳಿತೆಂದು ನಾನೂ ನಂಬಿದೆ. ಹುಗ್ಗಿ ಉಂಡ ಮೂರನೆಯ ದಿನ, ದೀಪ ಹಚ್ಚುವ ಮುಂಚೆಯೇ ಹೋದಳು.

ವಾರದ ನಂತರ ಡಾಕ್ಟರು ಬಂದರು. ನನ್ನ ಅಂಕಿಗಳನ್ನು ಎರಡು ಸಲ ಓದಿದರು. ಉಪವಾಸದಲ್ಲಿ ಹೃದಯ ನಿಧಾನವಾಗುತ್ತದೆ, ಮೈಯೊಳಗಿನ ಲವಣಗಳು ಕರಗುತ್ತವೆ, ಒಮ್ಮೆಲೇ ಸಿಹಿ ಬಿದ್ದರೆ ರಕ್ತದಲ್ಲಿ ಉಳಿದ ಲವಣಗಳೂ ಕುಸಿದು ಬಡಿತ ತಪ್ಪಬಹುದು ಎಂದರು.

“ಗಂಜಿ ಕೊಡಬೇಕಿತ್ತು, ಅದೂ ಗುಟುಕ ಗುಟುಕ. ಆದ್ರ ರಕ್ತ ತಪಾಸ ಮಾಡದ ಖರೆ ಹೇಳಾಕ ಬರೂದಿಲ್ಲ.”

“ಚಿಟಿಕಿ ಉಪ್ಪ ಹಾಕಿದ್ರ ಉಳೀತಿದ್ದಳೇನ್ರಿ?”

“ಅಡಗಿ ಉಪ್ಪ ಒಂದ ಲವಣ. ಹೋದವು ಎಷ್ಟೋ,” ಎಂದು ಅವರು ಕನ್ನಡಕ ತೆಗೆದರು.

ಸೋಮನಿಂಗ ಇವತ್ತಿಗೂ ನನ್ನನ್ನು ಏನೂ ಕೇಳಿಲ್ಲ. ಆಕೆಯನ್ನು ಕೊಂದದ್ದು ನಾನು ಹಾಕದ ಉಪ್ಪೋ, ನಾನು ‘ಕೊಡು’ ಎಂದ ಹುಗ್ಗಿಯೋ, ಅಥವಾ ಮೊದಲೇ ದಣಿದ ಹೃದಯವೋ, ನನಗೆ ಗೊತ್ತಿಲ್ಲ.