ಅಳಿಯನ ಹೆಸರಲ್ಲಿ ಬಂದ ರಜೆ

ಗೇನರ್ ಪ್ರೊಸ್ಸರಳ ಬಾಯಿಗೆ ಎರಡು ಕಾನೂನು. ಸಂಬಳದ ವಿಷಯ ಬಂದರೆ ಬೀಗ ಜಡಿದಂತೆ ಮುಚ್ಚಿಕೊಳ್ಳುತ್ತಿತ್ತು. ಬೇರೆ ಯಾವ ವಿಷಯ ಬಂದರೂ ಆ ಬೀಗ ಎಲ್ಲಿ ಹೋಗುತ್ತಿತ್ತೋ ದೇವರೇ ಬಲ್ಲ. ಲ್ಯಾನೆಲ್ಲಿ ಊರಿನ ಮಾಂಸದಂಗಡಿ, ಹಲ್ಲಿನ ಡಾಕ್ಟರು, ಎರಡು ಸಲೂನು, ಎಮ್ಲಿನ್ ಬೇನನ್‌ನ ಸಾರವೆ ಕಟ್ಟುವ ಕಂಪನಿ, ಇಷ್ಟು ಕಡೆಯ ಸಂಬಳದ ಲೆಕ್ಕ ಅವಳ ಊಟದ ಮೇಜಿನ ಮೇಲಿನ ಲ್ಯಾಪ್‌ಟಾಪಿನಲ್ಲಿತ್ತು. ಯಾರಿಗೆ ಎಷ್ಟು ಬರುತ್ತದೆ, ಯಾರ ಸಂಬಳದಲ್ಲಿ ಬಿಟ್ಟ ಹೆಂಡತಿಯ ಮಕ್ಕಳಿಗೆಂದು ಎಷ್ಟು ಮುರಿದುಕೊಳ್ಳುತ್ತಾರೆ, ಎಲ್ಲವೂ ಅವಳಿಗೆ ಗೊತ್ತು. ಗಂಡ ಬದುಕಿದ್ದಾಗ ಅವನಿಗೂ ಒಂದಕ್ಷರ ಹೇಳಿದವಳಲ್ಲ. ಆದರೆ ಪಕ್ಕದ ಮನೆಯ ಪರದೆ ಎಷ್ಟು ಕೊಳಕಾಗಿದೆ, ಪಾದ್ರಿಯ ಹೆಂಡತಿಗೆ ಆ ಕೂದಲ ಬಣ್ಣ ಎಷ್ಟು ಕೆಟ್ಟದಾಗಿ ಕಾಣುತ್ತದೆ, ಇದನ್ನೆಲ್ಲ ಕೇಳದವರಿಗೂ ಹೇಳಿಯೇ ತೀರುತ್ತಿದ್ದಳು. "ನಂದು ನೇರ ಮಾತು, ಹೊಟ್ಟೇಲಿ ಏನೂ ಇಟ್ಕೊಳಲ್ಲ" ಅನ್ನುವುದು ಅವಳ ಹೆಮ್ಮೆ. ಮಿಕ್ಕವರ ಹೊಟ್ಟೆಯಲ್ಲಿ ಅದು ಎಷ್ಟು ದಿನ ಕೂತಿರುತ್ತದೆ ಎಂದು ಅವಳು ಯೋಚಿಸಿದ್ದೇ ಇಲ್ಲ.

ಎಮ್ಲಿನ್ ಕಂಪನಿಯ ವಾರದ ಸಂಬಳವನ್ನು ಅಲ್ಲಿಯ ಆಫೀಸಿನ ಹುಡುಗಿ ಬೆಥನ್ ಪೇರೋಲ್ ಸಾಫ್ಟ್‌ವೇರಿಗೆ ಹಾಕುತ್ತಿದ್ದಳು. ಗೇನರ್ ತಿಂಗಳಿಗೊಂದು ಸಲ ಅದೇ ಸಾಫ್ಟ್‌ವೇರ್ ತೆರೆದು, ತೆರಿಗೆ ಇಲಾಖೆಗೆ ಮಾಲೀಕರ ಪಾವತಿಯ ಸಾರಾಂಶ ಕಳಿಸಬೇಕು. ಸರ್ಕಾರ ಕೊಡಬೇಕಾದ ರಜೆಯ ಸಂಬಳವನ್ನು ಮಾಲೀಕ ತನ್ನ ಕೈಯಿಂದ ಕೊಟ್ಟಿದ್ದರೆ, ಕಟ್ಟುವ ತೆರಿಗೆಯಲ್ಲಿ ಅದನ್ನು ಕಳೆದುಕೊಳ್ಳಲು ಇರುವ ವರದಿ ಅದು. ಹೆರಿಗೆ ರಜೆ, ಪಿತೃತ್ವ ರಜೆ, ದತ್ತು ರಜೆ, ಮಗು ತೀರಿಹೋದವರ ರಜೆ, ಒಂದೊಂದಕ್ಕೂ ಒಂದೊಂದು ಸಾಲು. ಸಾರವೆಯ ಕಬ್ಬಿಣದ ಕೊಳವೆ ಹೊರುವ ಗಂಡಸರ ಕಂಪನಿಯಲ್ಲಿ ಇವೆಲ್ಲ ಎಲ್ಲಿಂದ ಬರಬೇಕು? ದೊಡ್ಡ ಬಿಲ್ಡರುಗಳು ಎಮ್ಲಿನ್‌ನ ಬಿಲ್ಲಿನಲ್ಲಿ ಮುರಿದುಕೊಂಡ ತೆರಿಗೆಯದೊಂದು ಸಾಲು ಬಿಟ್ಟರೆ ಮಿಕ್ಕಿದ್ದೆಲ್ಲ ಪ್ರತಿ ತಿಂಗಳೂ ಸೊನ್ನೆ. ಗೇನರ್ ಒಂದು ಕೈಯಲ್ಲಿ ಟೀ ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಕಳಿಸಿಬಿಡುತ್ತಿದ್ದಳು.

ಆ ಮಂಗಳವಾರ ಬೆಳಿಗ್ಗೆ ಪಿತೃತ್ವದ ಸಾಲಿನಲ್ಲಿ ಸೊನ್ನೆ ಇರಲಿಲ್ಲ.

"ಓಹೋ, ಯಾರಪ್ಪ ಈ ಗಂಡುಗಲಿ?" ಎಂದು ನಗುತ್ತಲೇ ಆ ಸಾಲು ಒತ್ತಿದಳು. ಹೆಸರು ಬಂತು. ಅಲೆಡ್ ಮಾರ್ಗನ್, ಒಂದು ವಾರ.

ಟೀ ಮೇಜಿನ ಮೇಲೆ ಚೆಲ್ಲಿದ್ದೂ ಗೊತ್ತಾಗಲಿಲ್ಲ. ಅಲೆಡ್ ಅವಳ ಅಳಿಯ. ಒಬ್ಬಳೇ ಮಗಳು ನೆರಿಸಳ ಗಂಡ.

ನೆರಿಸ್ ಬಸುರಿಯಲ್ಲ. ಅದು ಗೇನರಿಗೆ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತು? ಹೋದ ತಿಂಗಳು ತಾನೆ ಮಾರ್ಕೆಟ್ಟಿಗೆ ಬಿಗಿ ಜೀನ್ಸ್ ಹಾಕಿಕೊಂಡು ಬಂದಿದ್ದಳು, ಹೊಟ್ಟೆ ಬೆನ್ನಿಗೆ ಅಂಟಿತ್ತು. ಮಗು ಬೇಕೆಂದು ಆ ಹುಡುಗಿ ವರ್ಷಗಟ್ಟಲೆ ಆಸ್ಪತ್ರೆ ಅಲೆದಿದ್ದಳು. ಮೈತುಂಬ ಸೂಜಿ ಚುಚ್ಚಿಸಿಕೊಂಡಿದ್ದಳು. ಎರಡು ಸಲ ಬಸಿರು ನಿಂತಿತ್ತು, ಎರಡು ಸಲವೂ ಹೋಗಿತ್ತು. ಎರಡನೆಯದು ಹೋದಾಗ ಇದೇ ಊಟದ ಮನೆಯ ಸೋಫಾದಲ್ಲಿ ಗೋಡೆಗೆ ಮುಖ ಮಾಡಿ ಮಲಗಿದವಳು ವಾರವಾದರೂ ಏಳಲಿಲ್ಲ. ಆಗ ಗೇನರ್ ಹೆದರಿಬಿಟ್ಟಿದ್ದಳು. ಇನ್ನೊಂದು ಪೆಟ್ಟು ಬಿದ್ದರೆ ಈ ಹುಡುಗಿ ಉಳಿಯುವುದಿಲ್ಲ ಅಂದುಕೊಂಡಿದ್ದಳು. ಈಗ ನೋಡಿದರೆ ಆ ಪೆಟ್ಟು ಕಂಪ್ಯೂಟರಿನಲ್ಲಿ ತನ್ನ ಕಣ್ಣ ಮುಂದೆಯೇ ಕೂತಿದೆ.

ಇಲ್ಲ, ಬೆಥನ್ ಏನೋ ತಪ್ಪು ಒತ್ತಿರಬೇಕು. ಹೊಸ ಹುಡುಗಿ, ಅವಳಿಗೆ ಏನು ಗೊತ್ತಾಗುತ್ತದೆ ಪಾಪ. ಗೇನರ್ ಫೋನ್ ಮಾಡಿದಳು.

"ಬೆಥನ್, ಈ ಪಿತೃತ್ವ ರಜೆ ಅಂತ ಹಾಕಿದೀಯಲ್ಲ ಮಾರಾಯ್ತಿ, ಕಾಯಿಲೆ ರಜೆ ಹಾಕೋ ಬದಲು ಇದನ್ನ ಒತ್ತಿದ್ಯಾ?"

"ಅಯ್ಯೋ ಇಲ್ಲಪ್ಪ, ಸರಿಯಾಗೇ ಹಾಕಿದೀನಿ. ಎಮ್ಲಿನ್ನೇ ಪಕ್ಕದಲ್ಲಿ ನಿಂತು ಹಾಕ್ಸಿದ್ರು. ಅಲೆಡ್‌ಗೆ ಎಷ್ಟು ಖುಷಿ ಗೊತ್ತಾ! ಫೋಟೋ ತೋರಿಸ್ತಾ ಓಡಾಡ್ತಿದ್ದ. ನಾವೆಲ್ಲ ದುಡ್ಡು ಹಾಕಿ ಒಂದು ಪುಟಾಣಿ ಸೈಕಲ್ ಕೊಡಿಸಿದ್ವಿ."

"ಕೂಸಿಗೆ ಸೈಕಲ್ಲಾ?"

"ಹುಡುಗರ ಬುದ್ಧಿ, ಅವರೇ ಆರಿಸಿದ್ದು. ಅಂದಹಾಗೆ ಗೇನರ್, ಇದು ಊರಲ್ಲಿ ಗೊತ್ತಾಗ್ಬಾರ್ದು ಅಂತ ಅಲೆಡ್ ಹೇಳಿದಾನೆ. ಏನೋ ಮನೆ ಕಡೆ ತೊಂದರೆಯಂತೆ. ನಿಮ್ಮ ವಿಷಯ ಬಿಡಿ, ಸಂಬಳದ ಗುಟ್ಟು ನಿಮ್ಮ ಬಾಯಿಂದ ಹೊರಗೆ ಬರಲ್ಲ, ಚಿಂತೇನೇ ಇಲ್ಲ."

ಅಲೆಡ್ ಇವಳ ಅಳಿಯ ಎಂದು ಆ ಹುಡುಗಿಗೆ ಗೊತ್ತಿರಲಿಲ್ಲ. ಗೇನರ್ ಫೋನ್ ಇಟ್ಟಳು. ಫೋಟೋ ತೋರಿಸಿಕೊಂಡು ಓಡಾಡಿದನಂತೆ! ಮಾಲೀಕ ಪಕ್ಕದಲ್ಲಿ ನಿಂತು ಹಾಕಿಸಿದನಂತೆ! ಇಡೀ ಕಂಪನಿಗೆ ಗೊತ್ತು, ಕಟ್ಟಿಕೊಂಡ ಹೆಂಡತಿಗೆ ಗೊತ್ತಿಲ್ಲ. ಮೂರು ವಾರದಿಂದ ನೆರಿಸ್ ಮನೆಗೆ ಬರಬೇಡ ಅನ್ನುತ್ತಿದ್ದಳು. ಬಚ್ಚಲುಮನೆ ಕಿತ್ತು ಹಾಕಿದ್ದಾರೆ, ಮನೆಯೆಲ್ಲ ಧೂಳು, ಅಲೆಡ್ ಬ್ರಿಸ್ಟಲ್ ಕಡೆ ಕೆಲಸಕ್ಕೆ ಹೋಗಿದ್ದಾನೆ ಅಂದಿದ್ದಳು. ಬ್ರಿಸ್ಟಲ್ಲಂತೆ ಬ್ರಿಸ್ಟಲ್ಲು! ಹೆಂಡತಿಯನ್ನು ಧೂಳಿನಲ್ಲಿ ಕೂರಿಸಿ ಇವನು ಯಾವಳದೋ ಬಾಣಂತನ ಮಾಡುತ್ತಿದ್ದ.

ಹೇಳುವುದೋ ಬಿಡುವುದೋ? ಒಬ್ಬರ ಸಂಬಳದ ಗುಟ್ಟನ್ನು ಹೊರಗೆ ಹಾಕಿದಳೆಂದು ತಿಳಿದರೆ ನಾಳೆಯಿಂದ ಯಾವ ಮಾಲೀಕನೂ ಅವಳ ಬಾಗಿಲು ತುಳಿಯುವುದಿಲ್ಲ. ಕಟ್ಟಿಕೊಂಡ ಕಸುಬು ಅಲ್ಲಿಗೆ ಮುಗಿಯಿತು. ಗೇನರ್ ಒಂದು ನಿಮಿಷ ಕುರ್ಚಿಯ ಬೆನ್ನು ಹಿಡಿದು ನಿಂತಳು. "ಹಾಳಾಗಿ ಹೋಗ್ಲಿ ಕಸುಬು, ನಂಗೆ ನನ್ನ ಮಗಳು ಬೇಕು" ಎಂದು ಗಟ್ಟಿಯಾಗಿ ಹೇಳಿ ಕಾರಿನ ಕೀಲಿ ತೆಗೆದುಕೊಂಡಳು. ವರದಿ ಕಳಿಸಲಿಲ್ಲ.

ಪಕ್ಕದೂರು ಬರಿ ಪೋರ್ಟಿನಲ್ಲಿ ಮಗಳ ಮನೆಯ ಮುಂದೆ ಅಲೆಡ್‌ನ ವ್ಯಾನು ನಿಂತಿತ್ತು. ಊಟಕ್ಕೆ ಬಂದಿದ್ದಾನೆ. ಒಳ್ಳೆಯದೇ ಆಯಿತು, ಇಬ್ಬರೂ ಒಟ್ಟಿಗೆ ಸಿಕ್ಕರು. ಬಾಗಿಲು ತೆರೆದವನು ಅವನೇ. ಅವಳನ್ನು ನೋಡಿದ್ದೇ ತಡ, ಅವನ ಮುಖದ ರಕ್ತ ಇಳಿದುಹೋಯಿತು.

"ಗೇನರ್! ಈಗ... ಈಗ ಬೇಡ, ಸಂಜೆ ನಾವೇ ಬರ್ತೀವಿ..."

ಅವಳು ಅವನನ್ನು ಪಕ್ಕಕ್ಕೆ ತಳ್ಳಿ ಒಳಗೆ ನುಗ್ಗಿದಳು. ಹಜಾರದಲ್ಲಿ ಪುಟ್ಟ ಸೈಕಲ್ಲೊಂದು ಕಾಲಿಗೆ ತಗುಲಿತು. ಅದನ್ನು ಇಲ್ಲಿಗೇ ತಂದು ಇಟ್ಟಿದ್ದಾನಲ್ಲ, ಎಂಥ ದಪ್ಪ ಚರ್ಮ! ಅಷ್ಟು ಹೊತ್ತು ಹಿಡಿದಿಟ್ಟಿದ್ದೆಲ್ಲ ಕಟ್ಟೆ ಒಡೆದಂತೆ ಬಂತು.

"ಯಾರ ಹೊಟ್ಟೇಲಿ ಹುಟ್ಸಿದ್ಯೋ ಕೂಸನ್ನ? ಹೇಳು! ತಂದೆಯಾದೆ ಅಂತ ರಜ ತಗೊಂಡಿದೀಯಾ, ಸರ್ಕಾರದಿಂದ ಸಂಬಳ ಎತ್ತಿದೀಯಾ! ನಾಚಿಕೆ ಆಗಲ್ವೇನೋ ನಿಂಗೆ?"

"ಮೆಲ್ಲಗೆ... ದಯವಿಟ್ಟು ಮೆಲ್ಲಗೆ ಮಾತಾಡಿ" ಎಂದು ಅಲೆಡ್ ಎರಡೂ ಕೈ ಎತ್ತಿದ. ಅವನ ಕಣ್ಣು ಮೆಟ್ಟಿಲಿನ ಮೇಲ್ಗಡೆಗೇ ಹೋಗುತ್ತಿತ್ತು.

"ಯಾಕೆ ಮೆಲ್ಲಗೆ? ಊರಿಗೆಲ್ಲ ಕೇಳ್ಲಿ!"

ಅಡುಗೆಮನೆಯಿಂದ ನೆರಿಸ್ ಓಡಿಬಂದಳು. ಕೈಯಲ್ಲಿ ಬೆಣ್ಣೆ ಹಚ್ಚುತ್ತಿದ್ದ ಚಾಕು ಹಾಗೇ ಇತ್ತು. ಗೇನರ್ ಮಗಳನ್ನು ಬಾಚಿ ತಬ್ಬಿಕೊಂಡಳು, ಅಳು ಬಂದುಬಿಟ್ಟಿತು.

"ಬಾ ನನ್ನ ಕಂದ, ಈ ಮನೇಲಿ ಇನ್ನೊಂದು ಗಳಿಗೆ ಇರೋದು ಬೇಡ. ಬಟ್ಟೆಬರೆ ಬ್ಯಾಗಿಗೆ ತುಂಬ್ಕೊ, ಈಗ್ಲೇ ಹೊರಡು. ಕಾರು ಹೊರಗಡೆ ನಿಂತಿದೆ. ಹೊರಡು ಅಂದ್ರೆ ಹೊರಡು!"

"ಅಮ್ಮ, ಬಾಯ್ಮುಚ್ಚು."

ನೆರಿಸ್ ಜನ್ಮದಲ್ಲಿ ತಾಯಿಗೆ ಹಾಗೆ ಅಂದವಳಲ್ಲ. ಕೂಗಿ ಕೂಡ ಹೇಳಲಿಲ್ಲ. ಮೆತ್ತಗೆ ಹೇಳಿ, ತಾಯಿಯ ತೋಳು ಬಿಡಿಸಿಕೊಂಡು, ಅಡುಗೆಮನೆಯೊಳಕ್ಕೆ ಎಳೆದುಕೊಂಡು ಹೋಗಿ ಬಾಗಿಲು ಒರಗಿಸಿದಳು.

"ಅವನು ಯಾರಿಗೂ ಹುಟ್ಸಿಲ್ಲ. ಮಗೂನ ನಾವಿಬ್ರೂ ಸೇರಿ ತಂದಿದೀವಿ. ದತ್ತು ತಗೊಂಡಿದೀವಿ ಅಮ್ಮ. ನಾಲ್ಕು ವರ್ಷದ ಹುಡುಗಿ. ಡೆಮಿ ಅಂತ. ಬಂದು ಮೂರು ವಾರ ಆಯ್ತು. ಮೇಲ್ಗಡೆ ರೂಮಲ್ಲಿದಾಳೆ."

ಗೇನರಿಗೆ ಗರ ಬಡಿದಂತಾಯಿತು. ಬಾಯಿಂದ ಹೊರಟ ಮೊದಲ ಮಾತು ಏನು ಗೊತ್ತೇ? "ದತ್ತು ಸಾಲಲ್ಲಿ ಸೊನ್ನೆ ಇತ್ತಲ್ಲೇ!"

"ದತ್ತಿನ ರಜ ನಂದು, ನಮ್ಮ ಆಫೀಸಲ್ಲಿ ನನ್ನ ಹೆಸರಿಗಿದೆ. ಇಬ್ರಲ್ಲಿ ಒಬ್ರಿಗೇ ಅದು. ಇನ್ನೊಬ್ರಿಗೆ ಕೊಡೋದು ಪಿತೃತ್ವ ರಜೇನೇ, ಹೆತ್ತಿರಲಿ ದತ್ತಾಗಿರಲಿ. ನಿಂಗೇ ಗೊತ್ತಿರ್ಬೇಕಲ್ಲಮ್ಮ, ನಿನ್ನ ಕೆಲಸ ಅಲ್ವಾ?"

ಗೊತ್ತಿತ್ತು. ಯಾವಾಗಲೋ ತರಬೇತಿಯಲ್ಲಿ ಹೇಳಿದ್ದರು, ಕಿವಿಯ ಮೇಲೆ ಬಿದ್ದಿತ್ತು. ಅವಳ ಕೈಯಲ್ಲಿ ಒಂದೇ ಒಂದು ದತ್ತು ಯಾವತ್ತೂ ಬಂದಿರಲಿಲ್ಲ, ಮರೆತೇಹೋಗಿತ್ತು. ಇನ್ನೊಂದು ಸಲ ಒತ್ತಿದ್ದರೆ ಹುಟ್ಟಿದ ಮಗುವೋ ದತ್ತು ಬಂದ ಮಗುವೋ ಎಂದು ಸಾಫ್ಟ್‌ವೇರೇ ಹೇಳುತ್ತಿತ್ತು. ಹೆಸರು ಕಂಡದ್ದೇ ಸಾಕಾಗಿ ಕೀಲಿ ಹಿಡಿದು ಓಡಿಬಂದಿದ್ದಳು.

ಬಾಗಿಲ ಸಂದಿಯಲ್ಲಿ ನಿಂತಿದ್ದ ಅಲೆಡ್ ತಲೆ ಕೆರೆದುಕೊಂಡ. "ವಾರದ ಸಂಬಳ ಬೆಥನ್ ಹಾಕ್ತಾಳೆ, ನಿಮ್ಮ ಕಣ್ಣಿಗೆ ಬೀಳಲ್ಲ ಅಂದ್ಕೊಂಡಿದ್ದೆ. ತಿಂಗಳ ವರದಿಗೆ ಇದೂ ಬರುತ್ತೆ ಅಂತ ನಂಗೇನು ಗೊತ್ತು?"

ನಾಚಿಕೆ ಆಮೇಲೆ ಬಂತು, ಮೊದಲು ಬಂದದ್ದು ಸಿಟ್ಟೇ. ಎಮ್ಲಿನ್‌ಗೆ ಗೊತ್ತು, ಬೆಥನ್‌ಗೆ ಗೊತ್ತು, ಸೈಕಲ್ಲಿಗೆ ದುಡ್ಡು ಹಾಕಿದವರಿಗೆಲ್ಲ ಗೊತ್ತು. ಹೆತ್ತ ತಾಯಿಗೆ ಬಚ್ಚಲುಮನೆಯ ಧೂಳಿನ ಕತೆ!

"ನನ್ನನ್ನ ಯಾಕೆ ಹೊರಗಿಟ್ರಿ? ನಾನೇನು ಶತ್ರುನಾ ನಿಂಗೆ?"

ನೆರಿಸ್ ಚಾಕುವನ್ನು ಸಿಂಕಿನಲ್ಲಿ ಇಟ್ಟಳು. ತಿರುಗಿ ನೋಡದೆ ಮಾತಾಡಿದಳು.

"ಹೋದ ಕ್ರಿಸ್‌ಮಸ್ಸಿಗೆ ಡೆಲಿತ್ ಆಂಟಿ ಮೊಮ್ಮಗನ ಮಾತು ಬಂತು. ಅವನೂ ದತ್ತು ಬಂದೋನೇ. ಸ್ಕೂಲಲ್ಲಿ ಯಾರಿಗೋ ಹೊಡೆದ ಅಂತ ಆಂಟಿ ಅಳ್ತಾ ಇದ್ರು. ನೀನೇನಂದೆ ನೆನಪಿದೆಯಾ? 'ಯಾವ ಕೊಳಕು ರಕ್ತಾನೋ, ತಂದು ಮನೇಲಿ ಇಟ್ಕೊಂಡ್ರೆ ಇನ್ನೇನಾಗುತ್ತೆ, ವಾಪಸ್ ಕಳಿಸಿಬಿಡಿ' ಅಂದೆ. ಊಟ ಬಡಿಸ್ತಾ ಅಂದೆ. ನಾನು ನಿನ್ನ ಪಕ್ಕದಲ್ಲೇ ಕೂತಿದ್ದೆ. ಅದೇ ವಾರ ದತ್ತು ಕೊಡೋ ಅಧಿಕಾರಿಗಳು ಮೊದಲ್ನೇ ಸಲ ನಮ್ಮನೆಗೆ ಬಂದು ಹೋಗಿದ್ರು."

ಗೇನರಿಗೆ ನೆನಪಿರಲಿಲ್ಲ. ಅದೇ ಭಯಂಕರವಾಗಿತ್ತು. ಡೆಲಿತ್ ಅತ್ತದ್ದು ನೆನಪಿತ್ತು, ತಾನು ಏನೋ ಸಮಾಧಾನ ಹೇಳಿದ್ದೂ ನೆನಪಿತ್ತು. ಇಂಥ ಮಾತು ಆಡಿದ್ದು ಮನಸ್ಸಿನಲ್ಲಿ ಎಲ್ಲೂ ಇರಲಿಲ್ಲ. ಆಡಿರಬಹುದು ಅನ್ನುವುದರಲ್ಲಿ ಮಾತ್ರ ಸಂಶಯವೇ ಬರಲಿಲ್ಲ.

"ಅವಳಿಗಿದು ಐದನೇ ಮನೆ ಅಮ್ಮ. ಎಲ್ಲಾ ಕಡೆಯಿಂದ ವಾಪಸ್ ಬಂದೋಳೇ. ಗಟ್ಟಿಯಾಗಿ ಮಾತಾಡಿದ್ರೆ ಬೀರು ಒಳಗೆ ಹೋಗಿ ಕೂತ್ಕೊತಾಳೆ. ನಿನ್ನ ಬಾಯಿಗೆ ಹೆದರಿ ಹೇಳ್ಲಿಲ್ಲ, ಅಷ್ಟೇ. ಸ್ವಲ್ಪ ಊರಿಕೊಳ್ಳಲಿ, ಆಮೇಲೆ ಹೇಳೋಣ ಅಂತಿದ್ದೆ."

ಆಗ ಹಜಾರದಲ್ಲಿ ಅಲೆಡ್ "ಅಯ್ಯೋ, ಬೇಡ ಪುಟ್ಟಾ" ಅಂದದ್ದು ಕೇಳಿಸಿತು. ಇಬ್ಬರೂ ಹೊರಗೆ ಬಂದರು.

ಮೆಟ್ಟಿಲ ಬುಡದಲ್ಲಿ ಸಣ್ಣ ಹುಡುಗಿಯೊಂದು ನಿಂತಿತ್ತು. ಕೆಂಪು ಕೋಟಿನ ಗುಂಡಿಯನ್ನು ಗಂಟಲವರೆಗೂ ಹಾಕಿಕೊಂಡಿತ್ತು. ಬೂಟು ಎಡಗಾಲಿನದು ಬಲಕ್ಕೆ, ಬಲದ್ದು ಎಡಕ್ಕೆ. ಬೆನ್ನಿಗೆ ಬ್ಯಾಗು. ಜಿಪ್ ಮುಚ್ಚದ ಬಾಯಿಂದ ನೈಟಿಯ ತೋಳು ಇಣುಕುತ್ತಿತ್ತು. ಅಳುತ್ತಿರಲಿಲ್ಲ. ಬಸ್ಸಿಗೆ ಕಾಯುವವರ ಮುಖವಿರುತ್ತದಲ್ಲ, ಹಾಗಿತ್ತು ಅದರ ಮುಖ. ಅಲೆಡ್ ಅದರ ಮುಂದೆ ಮಂಡಿಯೂರಿ ಕೂತಿದ್ದ, ಮುಟ್ಟಲು ಧೈರ್ಯವಿಲ್ಲದವನ ಹಾಗೆ.

ನೆರಿಸ್ ಗೋಡೆ ಹಿಡಿದುಕೊಂಡಳು. "ಡೆಮಿ, ಇವರು..." ಅಂದಳು. ಅಜ್ಜಿ ಅನ್ನಲಿಲ್ಲ. "ಇವರು ಗೇನರ್."

ಹುಡುಗಿ ಗೇನರಳನ್ನು ಅಡಿಯಿಂದ ಮುಡಿಯವರೆಗೆ ನೋಡಿತು.

"ಹಲ್ಲುಜ್ಜೋ ಬ್ರಷ್ ತಗೊಂಡಿದೀನಿ" ಅಂದಿತು. "ನಿಮ್ಮ ಕಾರಲ್ಲೇನಾ ಹೋಗೋದು?"

ಅಯ್ಯೋ ದೇವರೇ! ಬ್ಯಾಗಿಗೆ ತುಂಬ್ಕೊ, ಈಗ್ಲೇ ಹೊರಡು, ಕಾರು ನಿಂತಿದೆ. ತಾನು ಮಗಳಿಗೆ ಕೂಗಿ ಹೇಳಿದ್ದನ್ನು ಈ ಕೂಸು ಮೇಲೆ ಕೂತು ತನಗೇ ಹೇಳಿದ್ದೆಂದುಕೊಂಡು, ಒಂದು ಮಾತೂ ಎದುರಾಡದೆ ಬ್ಯಾಗು ತುಂಬಿಕೊಂಡು ಬಂದಿದೆ. ಗೇನರಿಗೆ ನೆಲ ಕುಸಿದುಹೋಗಬಾರದೇ ಅನ್ನಿಸಿತು. ಆ ಮಗುವನ್ನು ಎತ್ತಿ ಎದೆಗೆ ಅವುಚಿಕೊಳ್ಳಬೇಕೆಂದು ಕೈ ಮುಂದೆ ಹೋಯಿತು. ಮಗು ಒಂದು ಹೆಜ್ಜೆ ಹಿಂದೆ ಸರಿಯಿತು. ಕೈ ಹಾಗೇ ವಾಪಸ್ ಬಂತು.

ಹೇಳಬೇಕಾದ್ದು ಎಷ್ಟೋ ಇತ್ತು. ತಪ್ಪಾಯಿತು ಅನ್ನಬೇಕಿತ್ತು, ನಾನು ನಿನ್ನ ಅಜ್ಜಿ ಕಣೆ ಅನ್ನಬೇಕಿತ್ತು, ಕೂತು ಒಂದು ಲೋಟ ಟೀ ಕುಡಿದು ಎಲ್ಲ ಸರಿಮಾಡಿಕೊಳ್ಳಬೇಕಿತ್ತು. ಆದರೆ ಈ ಮನೆಯಲ್ಲಿ ತಾನು ಇನ್ನು ಎಷ್ಟು ಹೊತ್ತು ನಿಂತಿರುತ್ತೇನೋ ಅಷ್ಟು ಹೊತ್ತೂ ಈ ಮಗು ಬೂಟು ಬಿಚ್ಚುವುದಿಲ್ಲ ಎಂದು ಗೇನರಿಗೆ ಅರ್ಥವಾಯಿತು.

"ಇಲ್ಲ ಕಂದ" ಅಂದಳು. ಅವಳ ದನಿ ಅವಳಿಗೇ ಕೇಳಿಸಲಿಲ್ಲ. "ಹೋಗೋಳು ನಾನು. ನೀನು ಇಲ್ಲೇ ಇರೋಳು."

ಮಗಳ ಮುಖ ನೋಡುವ ಧೈರ್ಯವಾಗಲಿಲ್ಲ. ಬಾಗಿಲು ದಾಟಿ, ಕಾರು ಹತ್ತಿ, ಕೂತು, ಹೊರಟಳು. ಕಾರು ರಸ್ತೆಯ ತಿರುವಿನಲ್ಲಿ ಮರೆಯಾಗುವವರೆಗೂ ಹುಡುಗಿ ಬ್ಯಾಗು ಹೊತ್ತುಕೊಂಡೇ ಕಿಟಕಿಯಲ್ಲಿ ನಿಂತಿತ್ತಂತೆ. ಆಮೇಲೂ ಅಲೆಡ್ ಎರಡು ಸಲ ಹೊರಗೆ ಹೋಗಿ, ರಸ್ತೆ ನೋಡಿಬಂದು, ಕಾರು ಇಲ್ಲವೆಂದು ಹೇಳಬೇಕಾಯಿತಂತೆ.